ಗುವಾಹಟಿಯಿಂದ ಮೂರು ಗಂಟೆ ಹತ್ತು ನಿಮಿಷ

ನನ್ನ ಅಣ್ಣ ತೀರಿಕೊಂಡ ದಿನ ಅವನ ಒಬ್ಬಳೇ ಮಗಳು ಅವನ ಮುಖ ನೋಡದಂತೆ ಮಾಡಿದವನು ನಾನು. ಊರಿನಲ್ಲಿ ಯಾರೂ ಇದನ್ನು ಹೀಗೆ ಹೇಳುವುದಿಲ್ಲ. ವಿಮಾನದ ಪ್ರಯಾಣ ಎಷ್ಟು ಹೊತ್ತಿನದು ಎಂದು ಗೊತ್ತಿಲ್ಲದ ಹಳೇ ಕಾಲದ ಮನುಷ್ಯ, ಅಂದಾಜು ತಪ್ಪಿಬಿಟ್ಟ ಎನ್ನುತ್ತಾರೆ. ಆ ಮಾತಿನ ಮರೆಯಲ್ಲಿ ನಾನು ಬಹಳ ಕಾಲ ಅವಿತುಕೊಂಡಿದ್ದೆ. ಅಂದಾಜು ತಪ್ಪಿದ್ದು ನಿಜ. ಆದರೆ ಆ ದಿನ ನಡೆದದ್ದು ಅದೊಂದೇ ಅಲ್ಲ.

ಮೊದಲು ನನ್ನ ಕೆಲಸದ ವಿಚಾರ ಹೇಳಬೇಕು. ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ಗೇಟಿನಲ್ಲಿ ನಾನು ನಿವೃತ್ತಿಯಾಗುವವರೆಗೂ ಕೂತಿದ್ದವನು. ಎಸ್ಸೆಸ್ಸೆಲ್ಸಿ ಪಾಸಾಗಿದ್ದೆ ಎಂಬ ಕಾರಣಕ್ಕೆ ನನ್ನ ಕೈಗೆ ಲಾಠಿ ಕೊಡದೆ ಪೆನ್ನು ಕೊಟ್ಟಿದ್ದರು. ಯಾರು ಎಷ್ಟು ಹೊತ್ತಿಗೆ ಒಳಗೆ ಬಂದರು, ಯಾರು ತಡವಾಗಿ ಬಂದರು, ಯಾಕೆ ತಡವಾಯಿತು ಎಂದು ನೋಡುವುದು ನನ್ನ ಕೆಲಸ. ಕನಕಪುರದಿಂದ ಬರುವ ಬಸ್ಸಿಗೆ ಎಷ್ಟು ಹೊತ್ತು ಹಿಡಿಯುತ್ತದೆ, ರಾಮನಗರದ ಕಡೆಯಿಂದ ಬರುವವರು ಎಲ್ಲಿ ಇಳಿದು ಎಲ್ಲಿ ಹತ್ತಬೇಕು, ಮಾಗಡಿಯವನು ಮನೆ ಬಿಟ್ಟದ್ದು ಎಷ್ಟು ಗಂಟೆಗಿರಬೇಕು ಎಲ್ಲವೂ ನನ್ನ ನಾಲಿಗೆಯ ತುದಿಯಲ್ಲಿತ್ತು. ಒಮ್ಮೆ ಕನಕಪುರದ ಕಡೆಯ ಒಬ್ಬ ಬಸ್ಸಿನ ಟೈರು ಸಿಡಿಯಿತು ಎಂದ. ಅದೇ ಬಸ್ಸಿನಲ್ಲಿ ಬಂದ ಇನ್ನೊಬ್ಬ ಆಗಲೇ ಒಳಗೆ ಮಷೀನಿನ ಮುಂದೆ ನಿಂತಿದ್ದ. ನಾನು ಅವನನ್ನು ಕರೆಸಿ ಎದುರುಬದುರು ನಿಲ್ಲಿಸಿದೆ. ಟೈರಿನವನು ತಲೆ ತಗ್ಗಿಸಿದ. ಅವನ ಮಗುವಿಗೆ ಆ ಬೆಳಿಗ್ಗೆ ಜ್ವರ ಏರಿ ಆಸ್ಪತ್ರೆಗೆ ಹೋಗಿದ್ದನೆಂದೂ, ರಜೆ ಕೇಳಿದರೆ ಕೊಡುವುದಿಲ್ಲವೆಂದು ಸುಳ್ಳು ಹೇಳಿದನೆಂದೂ ಆಮೇಲೆ ಗೊತ್ತಾಯಿತು. ನಾನು ಮನಸ್ಸಿನಲ್ಲಿ ಉಳಿಸಿಕೊಂಡದ್ದು ಮಗುವಿನ ಜ್ವರವನ್ನಲ್ಲ, ಅವನು ಸಿಕ್ಕಿಬಿದ್ದದ್ದನ್ನು.

ಹೀಗೆ ಇಡೀ ಆಯುಸ್ಸು ಕಳೆದವನಿಗೆ ತಡವಾಗಿ ಬರುವವರೆಲ್ಲ ಸುಳ್ಳುಗಾರರ ಹಾಗೆಯೇ ಕಾಣುತ್ತಾರೆ. ಕೆಲಸ ಬಿಟ್ಟು ಊರಿಗೆ ಬಂದ ಮೇಲೂ ಆ ಕಣ್ಣು ಹೋಗಲಿಲ್ಲ. ಹಾಲಿನ ಡೇರಿಗೆ ಹೋದ ಹೆಂಡತಿ ಒಸಿ ತಡ ಮಾಡಿದರೂ ಯಾರ ಮನೆಯ ಬಾಗಿಲಲ್ಲಿ ನಿಂತಿದ್ದೆ ಎಂದು ಕೇಳುತ್ತಿದ್ದೆ. ಅವಳು, "ಇದು ಫ್ಯಾಕ್ಟ್ರಿ ಅಲ್ಲ, ಮನೆ" ಎಂದು ಚೊಂಬು ಕುಕ್ಕಿ ಒಳಗೆ ಹೋಗುತ್ತಿದ್ದಳು.

ನಮ್ಮದು ಚನ್ನಪಟ್ಟಣ ತಾಲೂಕಿನಲ್ಲಿ, ವಿರೂಪಾಕ್ಷಿಪುರದ ಕಡೆಯ ಹಳ್ಳಿ. ಅಣ್ಣನ ಮನೆಯೂ ನನ್ನ ಮನೆಯೂ ಒಂದೇ ಗೋಡೆಗೆ ಅಂಟಿಕೊಂಡಿವೆ. ಅತ್ತಿಗೆ ಹೋಗಿ ಬಹಳ ವರ್ಷವಾಗಿತ್ತು. ಅಣ್ಣ ಹಿಪ್ಪುನೇರಳೆ ತೋಟ ನೋಡಿಕೊಂಡು, ವರ್ಷಕ್ಕೆ ನಾಲ್ಕೈದು ಬೆಳೆ ರೇಷ್ಮೆ ಹುಳ ಸಾಕಿಕೊಂಡು ಇದ್ದ. ಮಗಳನ್ನು ಚನ್ನಪಟ್ಟಣದ ಗೊಂಬೆ ಕೆಲಸದವನಿಗೆ ಕೊಟ್ಟಿದ್ದ. ಅಳಿಯ ಲೇತಿನ ಮುಂದೆ ಕೂತು ಗೊಂಬೆ ಕಡೆದರೆ ಮಗಳು ಅವನ್ನು ಮಾರುತ್ತಿದ್ದಳು. ಗಂಡ ಬಾಯಿ ಬಿಡದವನು, ಇವಳು ಸುಮ್ಮನಿರದವಳು. ದೆಹಲಿ, ಅಹಮದಾಬಾದು, ಲಖನೌ ಎಂದು ಕರಕುಶಲ ಮೇಳ ಎಲ್ಲಿ ನಡೆದರೂ ಹೋಗಿ ಮಳಿಗೆ ಹಾಕುತ್ತಿದ್ದಳು. ಮೊದಮೊದಲು ರೈಲು, ಆಮೇಲೆ ವ್ಯಾಪಾರ ಕೈ ಹಿಡಿದ ಮೇಲೆ ವಿಮಾನ.

ಅವಳು ವಿಮಾನ ಹತ್ತಲು ಶುರು ಮಾಡಿದ ಮೇಲೆ ನನಗೊಂದು ಹೊಸ ಚಟ ಅಂಟಿಕೊಂಡಿತು. ಈ ಏರ್‌ಪೋರ್ಟಿನಿಂದ ಆ ಏರ್‌ಪೋರ್ಟಿಗೆ ಎಷ್ಟು ದೂರ, ಎಷ್ಟು ಹೊತ್ತು ಎಂದು ಫೋನಿನಲ್ಲಿ ಬರೆದರೆ ಸಾಕು, ಭೂಪಟದ ಮೇಲೆ ಬಿಲ್ಲಿನಂತೆ ಬಾಗಿದ ಒಂದು ಗೆರೆ ಎಳೆದು, ಇಷ್ಟು ಕಿಲೋಮೀಟರು, ಇಷ್ಟು ಗಂಟೆ ಎಂದು ತೋರಿಸುತ್ತದೆ. ಬಸ್ಸಿನ ಹಾಗೆ ಹಳ್ಳ ದಿಣ್ಣೆ ಇಲ್ಲ, ರೈಲಿನ ಹಾಗೆ ಕ್ರಾಸಿಂಗ್ ಇಲ್ಲ. ಇಷ್ಟು ಶುದ್ಧವಾದ ಲೆಕ್ಕ ನನಗೆ ಗೇಟಿನಲ್ಲಿದ್ದಾಗ ಸಿಕ್ಕಿರಲಿಲ್ಲ. ಅವಳು ಎಲ್ಲಿಗೆ ಹೋದರೂ ಇಳಿದ ಕೂಡಲೇ ನನಗೆ ಫೋನ್ ಮಾಡುವ ರೂಢಿ ಇಟ್ಟುಕೊಂಡಿದ್ದಳು. ಅಣ್ಣನಿಗೆ ಕಿವಿ ಮಂದ, ಫೋನಿನಲ್ಲಿ ಕೇಳಿಸುತ್ತಿರಲಿಲ್ಲ, ಅದಕ್ಕೆ. ನಾನು ಗಡಿಯಾರ ನೋಡಿ, ಇಪ್ಪತ್ತು ನಿಮಿಷ ಜಾಸ್ತಿ ಆಯ್ತಲ್ಲ ಎನ್ನುತ್ತಿದ್ದೆ. ಅವಳು ನಗುತ್ತ, "ಪೈಲಟ್ ಲೇಟ್ ಮಾಡ್ಬುಟ್ಟ ಚಿಕ್ಕಪ್ಪ, ಅವನಿಗೆ ಅರ್ಧ ದಿನದ ಸಂಬಳ ಹಿಡ್ಕೊಳಿ" ಎನ್ನುತ್ತಿದ್ದಳು. ಅವಳಿಗೆ ಅದು ತಮಾಷೆ. ನನಗೆ ಪೂರ್ತಿ ತಮಾಷೆಯಾಗಿರಲಿಲ್ಲ.

ಅಣ್ಣ ಹೋಗುವುದಕ್ಕೆ ಮುಂಚಿನ ಬೇಸಿಗೆಯಲ್ಲಿ ಒಂದು ಬಿಳಿ ಕಾರು ನಮ್ಮ ತೋಟದ ಹತ್ತಿರ ಎರಡು ಸಲ ಬಂದು ನಿಂತಿತು. ಅದರಿಂದ ಇಳಿದವನು ಅಣ್ಣನ ಜೊತೆ, ಅಣ್ಣನ ಮಗಳ ಜೊತೆ ಬದುವಿನ ಉದ್ದಕ್ಕೂ ನಡೆದ. ನಡೆಯುತ್ತ ನಡೆಯುತ್ತ ಕೈ ತೋರಿಸಿ ಏನೋ ಎಣಿಸುತ್ತಿದ್ದ. ರಸ್ತೆಗೆ ಹೊಂದಿಕೊಂಡ ಆ ತೋಟ ಅಪ್ಪನ ಕಾಲದ್ದು. ಅಣ್ಣನದು ಒಂದು ಪಾಲು, ನನ್ನದು ಒಂದು ಪಾಲು, ಮಧ್ಯೆ ಹೊಂಗೆ ಮರದ ಕೆಳಗೆ ಅಪ್ಪ ಅವ್ವನ ಸಮಾಧಿ. ಹೊಸ ಹೆದ್ದಾರಿ ಆದ ಮೇಲೆ ನಮ್ಮ ಕಡೆ ಯಾವ ಹೊಲದ ಅಂಚಿನಲ್ಲಿ ಕಾರು ನಿಂತರೂ ಲೇಔಟಿನವರು ಎಂದೇ ಅರ್ಥ. ಸಂಜೆ ಅಣ್ಣನನ್ನು ಯಾರು ಬಂದಿದ್ದರೆಂದು ಕೇಳಿದೆ. ಅವನು, "ಮಗಳ ಕಡೆಯೋರು, ಅದೇನೋ ಅವಳ ಯಾಪಾರ" ಎಂದು ಬೀಡಿ ಹಚ್ಚಿದ. ಅಷ್ಟೇ. ಅಣ್ಣ ಯಾವತ್ತೂ ಅಷ್ಟೇ ಮಾತಾಡುವವನು ಎಂಬುದು ಆಗ ನೆನಪಿಗೆ ಬರಲಿಲ್ಲ. ಮುಚ್ಚಿಡುತ್ತಿದ್ದಾನೆ ಎನಿಸಿತು. ಅವಳೇ ಅವನ ತಲೆ ಕೆಡಿಸಿ, ಅವನ ಪಾಲು ಮಾರಿಸಿ, ಅಪ್ಪ ಅವ್ವನ ಸಮಾಧಿಯ ಸುತ್ತ ಸೈಟಿನ ಕಲ್ಲು ನೆಡಿಸುತ್ತಾಳೆ ಎನಿಸಿತು. ಆಮೇಲಿಂದ ಅವಳು ಊರಿಗೆ ಬಂದಾಗಲೆಲ್ಲ ನಾನು ಅವಳ ಚೀಲ ನೋಡುತ್ತಿದ್ದೆ, ಕಾಗದಪತ್ರ ಏನಾದರೂ ತಂದಿದ್ದಾಳೆಯೇ ಎಂದು. ತಂದಿರುತ್ತಿದ್ದುದು ಅಪ್ಪನಿಗೆ ಮಾತ್ರೆ, ನನಗೆ ಬಿಸ್ಕತ್ತು.

ಅಣ್ಣ ತೀರಿಕೊಂಡದ್ದು ಬೆಳಗಿನ ಹೊತ್ತು. ಎದ್ದು ಹುಳದ ಮನೆಗೆ ಸೊಪ್ಪು ಹಾಕಲು ಹೋದವನು ಬಾಗಿಲಲ್ಲೇ ಕುಸಿದಿದ್ದ. ಮಗಳು ಅಳಿಯ ಇಬ್ಬರೂ ಆಗ ಗುವಾಹಟಿಯ ಮೇಳದಲ್ಲಿದ್ದರು. ನಾನೇ ಫೋನ್ ಮಾಡಿದೆ. ಅವಳು ಎಷ್ಟು ಹೊತ್ತಿಗೆ ಎಂದು ಕೇಳಿದಳು. ಆಮೇಲೆ, "ನಾನ್ ಬರೋಗಂಟ ಅಪ್ಪನ್ನ ಮಣ್ಣು ಮಾಡ್ಬುಡಬ್ಯಾಡಿ ಚಿಕ್ಕಪ್ಪ. ಒಂದ್ಸಲ ಮುಖ ನೋಡ್ತೀನಿ" ಎಂದಳು. ಬಾ ಮಗ, ಕಾಯುತ್ತೇವೆ ಎಂದೆ. ಆಗ ನಾನು ಹೇಳಿದ್ದು ಮನಸ್ಸಿನಿಂದಲೇ.

ಫೋನ್ ಇಟ್ಟವನು ಅದರಲ್ಲೇ ನೋಡಿದೆ. ಗುವಾಹಟಿಯಿಂದ ಬೆಂಗಳೂರಿಗೆ ಆಕಾಶದಲ್ಲಿ ಎರಡು ಸಾವಿರ ಕಿಲೋಮೀಟರಿಗೂ ಒಂದಿಷ್ಟು ಮೇಲೆ. ಮೂರು ಗಂಟೆ ಹತ್ತು ನಿಮಿಷ. ಬೆಂಗಳೂರಿನಿಂದ ಚನ್ನಪಟ್ಟಣಕ್ಕೆ ಹೊಸ ರಸ್ತೆಯಲ್ಲಿ ಒಂದು ಗಂಟೆ. ಅಲ್ಲಿಂದ ಊರು ಅರ್ಧ ಗಂಟೆ. ಹೇಗೆ ಎಳೆದು ಲೆಕ್ಕ ಹಾಕಿದರೂ ಮಧ್ಯಾಹ್ನದ ಊಟದ ಹೊತ್ತಿಗೆ ಬಂದುಬಿಡುತ್ತಾಳೆ ಎಂದು ಜನಕ್ಕೆಲ್ಲ ಹೇಳಿದೆ.

ಈ ಲೆಕ್ಕದಲ್ಲಿ ಏನು ತಪ್ಪಿತ್ತು ಎಂದು ಓದುವವರಿಗೆ ಆಗಲೇ ಗೊತ್ತಾಗಿರುತ್ತದೆ. ನಮಗೆ ಗೊತ್ತಾಗುವುದು ಕಷ್ಟ. ಮೈಸೂರು ರಸ್ತೆಯ ಸೀಮೆಯಲ್ಲಿ ಹುಟ್ಟಿ ಬೆಳೆದ ನಮಗೆ ಬಸ್ಸಿಗೆ ಕಾಯುವುದು ಎಂದರೇನೆಂದು ತಿಳಿಯದು. ರಸ್ತೆಗೆ ಹೋಗಿ ನಿಂತು ಕೈ ಅಡ್ಡ ಹಾಕಿದರೆ ಯಾವುದೋ ಒಂದು ಬಸ್ಸು ನಿಲ್ಲುತ್ತದೆ. ಅದು ತುಂಬಿದ್ದರೆ ಹಿಂದೆಯೇ ಇನ್ನೊಂದು. ಬಸ್ಸಿನಲ್ಲಿ ಕೂತ ಹೊತ್ತೇ ಪ್ರಯಾಣದ ಹೊತ್ತು, ಬೇರೆ ಇಲ್ಲ. ಬೆಂಗಳೂರು ಎಂದರೂ ನಮಗೆ ಕೆಂಗೇರಿಯ ಕಡೆಯ ಬೆಂಗಳೂರು. ಏರ್‌ಪೋರ್ಟು ಆ ಊರಿನ ಆಚೆ ಬದಿಯಲ್ಲಿ, ದೇವನಹಳ್ಳಿಯ ಹತ್ತಿರ ಇದೆ ಎಂದು ಕೇಳಿ ಗೊತ್ತಿತ್ತು, ಕಾಲಿಗೆ ಗೊತ್ತಿರಲಿಲ್ಲ.

ಅಣ್ಣನಿಗೆ ಸ್ನಾನ ಮಾಡಿಸಿ, ಪಂಚೆ ಉಡಿಸಿ, ತಲೆಗೆ ಪೇಟ ಸುತ್ತಿ ಜಗಲಿಯ ಮೇಲೆ ಗೋಡೆಗೆ ಒರಗಿಸಿ ಕೂರಿಸಿದ್ದರು. ತೋಟದಲ್ಲಿ ಗುಣಿ ತೆಗೆಯಲು ಆಳುಗಳು ಹೋದರು. ಎಲ್ಲಿ ಎಂದು ಕೇಳಿದಾಗ ನಾನು ಹೊಂಗೆ ಮರದ ಕೆಳಗೆ, ಆದರೆ ಅಣ್ಣನ ಪಾಲಿನ ಕಡೆಗೆ, ರಸ್ತೆಗೆ ಹತ್ತಿರವಾಗಿ ಎಂದೆ. ಯಾರೂ ಪ್ರಶ್ನೆ ಮಾಡಲಿಲ್ಲ. ಸಮಾಧಿ ಇರುವ ಜಾಗವನ್ನು ಲೇಔಟಿನವನು ಸುಲಭಕ್ಕೆ ಮುಟ್ಟುವುದಿಲ್ಲ ಎಂದು ನಾನು ಯೋಚಿಸಿದ್ದು ನನಗೊಬ್ಬನಿಗೇ ಗೊತ್ತು. ಅಣ್ಣನ ಮೈ ಇನ್ನೂ ಆರಿರಲಿಲ್ಲ, ನಾನು ಅವನನ್ನು ಬೇಲಿಯ ಗೂಟದ ಹಾಗೆ ಎಲ್ಲಿ ನೆಡಬೇಕೆಂದು ನೋಡುತ್ತಿದ್ದೆ.

ಒಂಬತ್ತು ಗಂಟೆಗೆ ಫೋನ್ ಮಾಡಿದೆ. ಇನ್ನೂ ಗುವಾಹಟಿಯಲ್ಲೇ ಇದ್ದೇವೆ, ನೇರ ವಿಮಾನದಲ್ಲಿ ಸೀಟಿಲ್ಲ, ಬೇರೆ ನೋಡುತ್ತಿದ್ದೇವೆ ಎಂದಳು. ಹತ್ತೂವರೆಗೆ ಮಾಡಿದರೆ ಫೋನ್ ಸ್ವಿಚ್ ಆಫ್. ಹನ್ನೊಂದಕ್ಕೂ ಆಫ್. ಗಂಡನದೂ ಆಫ್. ವಿಮಾನದಲ್ಲಿ ಫೋನ್ ಆರಿಸುತ್ತಾರೆ ಎಂದು ಅವಳೇ ನನಗೆ ಹಿಂದೆ ಹೇಳಿದ್ದಳು. ಆದರೂ ಇಬ್ಬರದೂ ಒಟ್ಟಿಗೆ ಆಫ್ ಆಗಿದೆ ಎಂದ ಕೂಡಲೇ ನನ್ನೊಳಗಿನ ಗೇಟಿನವನು ಎದ್ದು ಕೂತ.

ಮಧ್ಯಾಹ್ನದ ಹೊತ್ತಿಗೆ ಅವಳದೇ ಫೋನ್ ಬಂತು. ಕೋಲ್ಕತ್ತಾದಲ್ಲಿದ್ದೇವೆ, ಇಲ್ಲಿಂದ ಇನ್ನೊಂದು ವಿಮಾನ ಹತ್ತಬೇಕು ಎಂದಳು. ಅವಳು ಮಾತಾಡುವಾಗ ಅವಳ ಹಿಂದೆ ಯಾರೋ ಒಬ್ಬ ಗಂಡಸು ಕನ್ನಡದಲ್ಲಿ, "ಅಣ್ಣಾ, ಇಲ್ಲೊಂದು ಸೀಟೈತೆ, ಬನ್ನಿ" ಎಂದು ಕೂಗಿದ್ದು ಸ್ಪಷ್ಟವಾಗಿ ಕೇಳಿಸಿತು. ಅಳಿಯನ ದನಿ ಅಲ್ಲ. ನಾನು ಫೋನ್ ಇಟ್ಟು ಜಗಲಿಯ ಮೂಲೆಯಲ್ಲಿ ಕೂತೆ. ಕೋಲ್ಕತ್ತಾದಲ್ಲಿ ನಮ್ಮ ಕಡೆಯ ಕನ್ನಡ ಯಾರು ಆಡುತ್ತಾರೆ? ಇವಳು ಗುವಾಹಟಿಗೆ ಹೋಗಿಯೇ ಇಲ್ಲ. ಬೆಂಗಳೂರಿನಲ್ಲೇ ಇದ್ದಾಳೆ. ಬಿಳಿ ಕಾರಿನವನ ಜೊತೆ ಯಾವುದೋ ವಕೀಲನ ಆಫೀಸಿನಲ್ಲಿ ಕೂತಿದ್ದಾಳೆ. ಅಪ್ಪ ಹೋದ ಎಂದ ಕೂಡಲೇ ಕಾಗದ ಸಿದ್ಧ ಮಾಡಿಸುತ್ತಿದ್ದಾಳೆ. ಇಲ್ಲಿ ಬಂದು ಅತ್ತು, ಗುಣಿ ಇಲ್ಲಿ ಬೇಡ, ಊರ ಸ್ಮಶಾನದಲ್ಲಿ ತೆಗೆಯಿರಿ ಎನ್ನುತ್ತಾಳೆ. ಒಂದಕ್ಕೆ ಒಂದು ಕೂಡಿಸುತ್ತ ಹೋದೆ. ಎಲ್ಲವೂ ಎಷ್ಟು ಚೆನ್ನಾಗಿ ಕೂಡಿಕೊಂಡಿತೆಂದರೆ ಆ ಟೈರಿನವನನ್ನು ಹಿಡಿದ ದಿನದ ಸಮಾಧಾನವೇ ಬಂತು.

ಅಷ್ಟರಲ್ಲಿ ಊರಿನವರಿಗೂ ಒಂದು ಇಕ್ಕಟ್ಟು ಶುರುವಾಗಿತ್ತು. ನಮ್ಮ ಬೀದಿಯಲ್ಲಿ ಅರ್ಧಕ್ಕರ್ಧ ಮನೆಗಳಲ್ಲಿ ಹುಳ ಹಣ್ಣಾಗಿದ್ದವು. ಮೈ ಹೊಳಪಾಗಿ ತಲೆ ಎತ್ತಿ ನೂಲು ಬಿಡಲು ಜಾಗ ಹುಡುಕುವ ಹುಳವನ್ನು ಆವತ್ತೇ ಆರಿಸಿ ಗೂಡು ಕಟ್ಟಲು ಬಿದಿರಿನ ಚಂದ್ರಿಕೆಯ ಮೇಲೆ ಬಿಡಬೇಕು. ತಡವಾದರೆ ಸೊಪ್ಪಿನ ಕಡ್ಡಿಯ ಮೇಲೇ ನೂಲು ಸುತ್ತಿ ಗೂಡು ಕೆಡುತ್ತದೆ. ಹೆಣದ ಹತ್ತಿರ ಕೂತವರು ಸ್ನಾನ ಮಾಡದೆ ಹುಳದ ಮನೆಯೊಳಗೆ ಕಾಲಿಡುವಂತಿಲ್ಲ. ಮಣ್ಣಾಗುವವರೆಗೆ ಎದ್ದು ಹೋಗುವಂತೆಯೂ ಇಲ್ಲ. ಪಕ್ಕದ ಮನೆಯವನು, ಅಣ್ಣನ ಜೊತೆ ದಿನಾ ಬೀಡಿ ಸೇದುತ್ತಿದ್ದವನು, ನನ್ನ ಹತ್ತಿರ ಬಂದು ಪಿಸುದನಿಯಲ್ಲಿ ಕೇಳಿದ:

"ಹುಳ ಹಣ್ಣಾಗ್ಬುಟ್ಟವೆ ಕಣ್ಲಾ. ಮಗ ಎಲ್ಲಿಗಂಟ ಬಂದವ್ಳೆ? ಬತ್ತಾವ್ಳೆ ಅಂದ್ರೆ ಹಾಳಾದ್ರೆ ಆಗ್ಲಿ, ಕಾಯಾಣ."

ಈ ಮಾತನ್ನು ಇದ್ದ ಹಾಗೆ ಬರೆದಿದ್ದೇನೆ. ಜನ ಕಾಯಲು ಸಿದ್ಧವಿದ್ದರು. ನಾನು ವಿಚಾರಿಸಿ ಹೇಳುತ್ತೇನೆ ಎಂದೆ.

ನಾಲ್ಕು ಗಂಟೆಯ ಹೊತ್ತಿಗೆ ಫೋನ್ ಹೊಡೆದುಕೊಂಡಿತು. ಹಿತ್ತಿಲಿಗೆ ಹೋಗಿ ಎತ್ತಿದೆ. ಅವಳು ಏದುಸಿರು ಬಿಡುತ್ತಿದ್ದಳು, ಓಡುತ್ತ ಮಾತಾಡುವವಳ ಹಾಗೆ. "ಇಳಿದೆ ಚಿಕ್ಕಪ್ಪ. ಏರ್‌ಪೋರ್ಟ್‌ನಿಂದ ಈಚೆ ಬತ್ತಾ ಇವ್ನಿ, ಕಾರ್ ಹತ್ತೀನಿ. ಅಪ್ಪನ್ನ ಇಟ್ಕೊಂಡಿರಿ." ಹಿಂದೆ ಮೈಕಿನಲ್ಲಿ ಯಾವುದೋ ವಿಮಾನದ ಹೆಸರು ಕೂಗುವುದು ನನಗೆ ಕೇಳಿಸಿತು. ಚಕ್ರದ ಪೆಟ್ಟಿಗೆ ಎಳೆಯುವ ಸದ್ದು ಕೇಳಿಸಿತು. ವಕೀಲನ ಆಫೀಸಿನಲ್ಲಿ ಆ ಸದ್ದು ಇರುವುದಿಲ್ಲ. ಆ ಕ್ಷಣಕ್ಕೆ ನನಗೆ ನಿಜ ಗೊತ್ತಾಯಿತು ಎಂದು ಈಗ ಒಪ್ಪಿಕೊಳ್ಳುತ್ತೇನೆ. ಆದರೆ ಬೆಳಗಿನಿಂದ ಕಟ್ಟಿದ್ದನ್ನು ಕೆಡವಲು ಮನಸ್ಸು ಬರಲಿಲ್ಲ. ಇಳಿದಿದ್ದರೂ ಏನು, ಬಂದರೆ ಗುಣಿಯ ಜಾಗ ಬದಲಿಸುತ್ತಾಳೆ ಎಂಬ ಒಂದು ತುಂಡು ಅನುಮಾನ ಉಳಿದಿತ್ತು. ಅದನ್ನೇ ಹಿಡಿದುಕೊಂಡೆ.

"ಕಾಯ್ತೀವಿ, ಬಾ ಮಗ" ಎಂದೆ.

ಹಿತ್ತಿಲಿನಿಂದ ಬೀದಿಗೆ ಬಂದು, ಫೋನೇ ಸಿಗುತ್ತಿಲ್ಲ, ಎಲ್ಲಿದ್ದಾಳೋ ಗೊತ್ತಿಲ್ಲ, ಹೊತ್ತು ಮುಳುಗುವ ಮುಂಚೆ ಎತ್ತಿಬಿಡೋಣ ಎಂದೆ. ಪಕ್ಕದ ಮನೆಯವನು ನನ್ನ ಮುಖ ನೋಡಿದ. "ಇನ್ನೊಂದ್ಸಲ ಮಾಡಿ ನೋಡ್ಲಾ" ಎಂದ. ಮಾಡುವವನ ಹಾಗೆ ಫೋನನ್ನು ಕಿವಿಗೆ ಇಟ್ಟುಕೊಂಡು, ಇಲ್ಲ ಎಂದು ತಲೆಯಾಡಿಸಿದೆ. ತಮಟೆಯವರು ಎದ್ದರು.

ಮಗನಿಲ್ಲದ ಅಣ್ಣನಿಗೆ ಮಾಡಬೇಕಾದ್ದನ್ನೆಲ್ಲ ತಮ್ಮನಾದ ನಾನೇ ಮಾಡಿದೆ. ಬಾಯಿಗೆ ನೀರು ಬಿಡುವಾಗಲೂ ಬೀದಿಯ ಕೊನೆಯಲ್ಲಿ ಕಾರಿನ ಸದ್ದು ಬಂತೇ ಎಂದು ಕಿವಿ ಅತ್ತ ಇತ್ತು. ಮೊದಲ ಹಿಡಿ ಮಣ್ಣು ಹಾಕುವಾಗಲೂ ಕಣ್ಣು ರಸ್ತೆಯ ಮೇಲಿತ್ತು.

ನಮ್ಮಲ್ಲಿ ಮಣ್ಣು ಮಾಡಿ ಬಂದವರು ಕೈಕಾಲು ತೊಳೆದು, ಹೆಣ ಕೂರಿಸಿದ್ದ ಜಾಗದಲ್ಲಿ ಹಚ್ಚಿಟ್ಟ ದೀಪ ನೋಡಿ ಮನೆಗೆ ಹೋಗುತ್ತಾರೆ. ಜನ ಹಾಗೆ ಒಬ್ಬೊಬ್ಬರಾಗಿ ಬಂದು ದೀಪ ನೋಡಿ ಹುಳದ ಮನೆಗಳ ಕಡೆಗೆ ಓಡುತ್ತಿದ್ದಾಗ ಕಾರು ಬಂತು. ಅವಳು ಇಳಿದಳು. ಜಗಲಿಯ ಹತ್ತಿರ ಜನ ಇರುವುದನ್ನು ಕಂಡು, ಅಪ್ಪ ಇನ್ನೂ ಅಲ್ಲೇ ಕೂತಿದ್ದಾನೆ ಎಂದುಕೊಂಡು, ಸೆರಗು ಸರಿಮಾಡಿಕೊಂಡು ಬೇಗ ಬೇಗ ಬಂದಳು. ಜನ ಸರಿದು ದಾರಿ ಬಿಟ್ಟರು. ಜಗಲಿಯ ಮೇಲೆ ದೀಪ ಒಂದೇ ಇತ್ತು.

ಅವಳು ಕೂಗಾಡಲಿಲ್ಲ. ದೀಪದ ಮುಂದೆ ಕೂತು ಗೋಡೆಯನ್ನು, ಅಣ್ಣನ ತಲೆ ಒರಗಿದ್ದ ಜಾಗವನ್ನು ಅಂಗೈಯಿಂದ ಮುಟ್ಟಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು. ಅವಳು ಕೇಳುವ ಮುಂಚೆಯೇ ನಾನು, "ಜನ ಒಪ್ಪಲಿಲ್ಲ ಮಗ, ಹುಳ ಹಣ್ಣಾಗ್ಬುಟ್ಟಿದ್ವು" ಎಂದುಬಿಟ್ಟೆ. ಜನಕ್ಕೆ ಒಂದು ಸುಳ್ಳು, ಅವಳಿಗೆ ಇನ್ನೊಂದು. ಅವೆರಡೂ ಯಾವತ್ತೂ ಎದುರುಬದುರಾಗಲಿಲ್ಲ. ಅವಳು ಊರಿನವರನ್ನು ಏನೂ ಕೇಳಲಿಲ್ಲ, ಊರಿನವರು ಅವಳ ಮುಖ ನೋಡಲು ನಾಚಿ ಏನೂ ಹೇಳಲಿಲ್ಲ. ನಾನು ಮಾತ್ರ ಸಿಕ್ಕಿದವರಿಗೆಲ್ಲ ಫೋನಿನಲ್ಲಿ ಮೂರು ಗಂಟೆ ಎಂದು ತೋರಿಸಿತು, ನಂಬಿ ಮೋಸ ಹೋದೆ ಎಂದು ಹೇಳುತ್ತ ತಿರುಗಿದೆ.

ತಿಥಿಯ ದಿನ ಬಿಳಿ ಕಾರಿನವನೂ ಊಟಕ್ಕೆ ಬಂದಿದ್ದ. ಪಂಕ್ತಿಯಲ್ಲಿ ನನ್ನ ಪಕ್ಕದಲ್ಲೇ ಕೂತ. ಅವನು ಮರದ ವ್ಯಾಪಾರಿಯಂತೆ, ಬೇಸಿಗೆಯಲ್ಲಿ ಬದುವಿನ ಮೇಲಿನ ಹಾಲೆ ಮರಗಳನ್ನು ನೋಡಲು ಬಂದಿದ್ದನಂತೆ. ಗೊಂಬೆ ಕಡೆಯಲು ಹಾಲೆ ಮರವೇ ಬೇಕು, ಈಗ ಸಿಗುವುದು ಕಷ್ಟ. ಅಣ್ಣ ತನ್ನ ಬದುವಿನ ಉದ್ದಕ್ಕೂ ಬೆಳೆದದ್ದು ಮಗಳ ಲೇತಿಗೆ ಎಂದೇ. ಯಾವ ಮರ ಬಲಿತಿದೆ, ಯಾವುದು ಇನ್ನೂ ಬಲಿಯಬೇಕು ಎಂದು ಈ ಕಾರಿನವನು ಎಣಿಸಿದ್ದ. ಆ ಮಾತು ಕೇಳಿದಾಗ ನನ್ನ ಎಲೆಯಲ್ಲಿ ಮುದ್ದೆ ಅರ್ಧ ಉಳಿದಿತ್ತು. ಎಲೆ ಮಡಿಸಿ ಎದ್ದೆ.

ಕಳೆದ ಚಳಿಗಾಲದಲ್ಲಿ ಮತ್ತೆ ಗುವಾಹಟಿಯಲ್ಲಿ ಮೇಳ. ಅಳಿಯ ಕೈ ಮುರಿದುಕೊಂಡಿದ್ದ. ಒಬ್ಬಳೇ ಹೋಗಲಾರೆ ಎಂದು ಅವಳು ನಮ್ಮ ಮನೆಗೆ ಬಂದು ನನ್ನನ್ನು ಕರೆದಳು. "ಮಳಿಗೆ ಕಾಯಾಕೆ ನಿಮ್ಮಂಥೋರು ಬೇಕು ಚಿಕ್ಕಪ್ಪ. ಒಂದು ಬುಗುರಿ ಕಳುವಾಗಕಿಲ್ಲ" ಎಂದು ನಕ್ಕಳು. ನನ್ನ ಹೆಂಡತಿ, "ಕರ್ಕೊಂಡೋಗವ್ವ, ಕೊಳ್ಳೋಕೆ ಬಂದೋರ್ನೂ ಓಡುಸ್ಬುಡ್ತದೆ" ಎಂದಳು. ನಾನು ಒಪ್ಪಿದೆ. ಸರಕಿನ ಜೊತೆ ರೈಲಿನಲ್ಲಿ ಹೋದೆವು. ಹಗಲು ರಾತ್ರಿ ಕೂತು ಕೂತು ನನ್ನ ಸೊಂಟ ಹಿಡಿದುಕೊಂಡಿತು. ಬರುವಾಗ ಅವಳು ನನ್ನ ಸೊಂಟ ನೋಡಿ ವಿಮಾನದ ಟಿಕೆಟ್ ಮಾಡಿಸಿದಳು. ನೇರ ವಿಮಾನ ಸಿಗಲಿಲ್ಲ. ಕೋಲ್ಕತ್ತಾದಲ್ಲಿ ಇಳಿದು ಹತ್ತುವುದೇ ಸಿಕ್ಕಿತು.

ಆ ದಿನ ನಾನು ಅವಳ ಹಿಂದೆ ನಡೆದೆ. ವಿಮಾನ ಹೊರಡುವುದಕ್ಕೆ ಎಷ್ಟೋ ಮುಂಚೆ ಏರ್‌ಪೋರ್ಟಿನ ಬಾಗಿಲಲ್ಲಿ ಆಧಾರ್ ಕಾರ್ಡು ಹಿಡಿದು ನಿಂತೆವು. ಪೆಟ್ಟಿಗೆ ಕೊಡಲು ಒಂದು ಸಾಲು. ಬೆಲ್ಟು ಬಿಚ್ಚಿ, ವಾಚು ಬಿಚ್ಚಿ, ಕೈ ಚಾಚಿ ನಿಲ್ಲಲು ಇನ್ನೊಂದು ಸಾಲು. ಅಲ್ಲಿನ ಸಿಪಾಯಿ ನನ್ನ ಮೈ ತಡವುವಾಗ ನಾನು ಎಷ್ಟು ಜನರನ್ನು ಹೀಗೆ ನಿಲ್ಲಿಸಿದ್ದೆ ಎಂದು ನೆನಪಾಯಿತು. ಆಮೇಲೆ ಕಾಯುವುದು, ಹತ್ತುವುದು, ಹತ್ತಿದ ಮೇಲೂ ಕಾಯುವುದು. ವಿಮಾನ ಹಾರಿದ ಹೊತ್ತು ಎಲ್ಲಕ್ಕಿಂತ ಚಿಕ್ಕದು. ಕೋಲ್ಕತ್ತಾದಲ್ಲಿ ಇಳಿದು ಬೆಂಗಳೂರಿನ ವಿಮಾನದ ಬಾಗಿಲ ಹತ್ತಿರ ಕುರ್ಚಿಗಳ ನಡುವೆ ಹೋದರೆ, ಸುತ್ತ ನಮ್ಮ ಜನವೇ. ಒಬ್ಬಳು ಮಗುವಿಗೆ ಕನ್ನಡದಲ್ಲಿ ಗದರುತ್ತಿದ್ದಳು. ಇಬ್ಬರು ಮಂಡ್ಯದ ಕಡೆಯವರು ಕಬ್ಬಿನ ವಿಷಯ ಮಾತಾಡುತ್ತಿದ್ದರು. ಅವರಲ್ಲೊಬ್ಬ ನನ್ನ ವಯಸ್ಸು ನೋಡಿ ಎದ್ದು, "ಇಲ್ ಕೂತ್ಕೊಳಿ ಯಜಮಾನ್ರೇ" ಎಂದು ಸೀಟು ಬಿಟ್ಟುಕೊಟ್ಟ. ಬೆಂಗಳೂರಿಗೆ ಹೋಗುವ ವಿಮಾನದ ಬಾಗಿಲಲ್ಲಿ ಕನ್ನಡದವರಲ್ಲದೆ ಇನ್ಯಾರು ಇರುತ್ತಾರೆ? ಆ ಕುರ್ಚಿಯಲ್ಲಿ ಕೂತವನು ಮುಖ ಮುಚ್ಚಿಕೊಂಡು ಮುಂದಕ್ಕೆ ಬಗ್ಗಿದೆ. ಅವಳು ಸೊಂಟದ ನೋವು ಎಂದುಕೊಂಡು ಮಾತ್ರೆ ತೆಗೆದಳು.

ವಿಮಾನ ಮೇಲೇರಿ ಸಮವಾದ ಮೇಲೆ ಪೈಲಟ್ ಏನೋ ಹೇಳಿದ. ಇನ್ನು ಎರಡೂವರೆ ಗಂಟೆಯಂತೆ ಚಿಕ್ಕಪ್ಪ ಎಂದು ಅವಳು ಹೇಳಿದಳು. ಕಿಟಕಿಯ ಆಚೆ ಮೋಡ ಬಿಟ್ಟರೆ ಏನೂ ಇರಲಿಲ್ಲ. ನಾನು ಅವಳ ಕಡೆ ನೋಡದೆ ಶುರು ಮಾಡಿದೆ.

"ಅವತ್ತು ನೀನು ಇಳಿದ ಕೂಡ್ಲೇ ಫೋನ್ ಮಾಡಿದ್ದೆಯಲ್ಲ ಮಗ. ಕಾಯ್ತೀವಿ ಅಂದಿದ್ದೆ."

"ಹೂಂ. ಜನ ಒಪ್ಪಲಿಲ್ಲ ಅಂದ್ರಲ್ಲ."

"ಜನಕ್ಕೆ ನಾನು ಹೇಳ್ಲೇ ಇಲ್ಲ. ಫೋನೇ ಸಿಗ್ತಿಲ್ಲ ಅಂದ್ಬುಟ್ಟೆ. ಹೇಳಿದ್ರೆ ಕಾಯ್ತಿದ್ರು."

ಉಳಿದದ್ದನ್ನೂ ಹೇಳಿದೆ. ಬಿಳಿ ಕಾರು, ವಕೀಲ, ಗುಣಿಯ ಜಾಗ, ಅವಳ ಹಿಂದೆ ಕೇಳಿಸಿದ ಕನ್ನಡ. ಹೇಳುತ್ತ ಹೋದಂತೆ ಅದು ಎಷ್ಟು ಸಣ್ಣದಾಗಿ ಕೇಳಿಸುತ್ತಿತ್ತೆಂದರೆ, ಇಷ್ಟಕ್ಕೇ ಮಾಡಿದೆನೇ ಎಂದು ನನಗೇ ನಂಬಲಾಗಲಿಲ್ಲ. ಅವಳು ಮುಂದಿನ ಸೀಟಿನ ಬೆನ್ನನ್ನು ನೋಡುತ್ತ ಕೂತಿದ್ದಳು. ನೀರು ಕೊಡುವ ಹುಡುಗಿ ಬಂದಾಗ ಎರಡು ಲೋಟ ತೆಗೆದುಕೊಂಡು ಒಂದನ್ನು ನನ್ನ ಕೈಗೆ ಕೊಟ್ಟಳು. ತಾನು ಕುಡಿಯಲಿಲ್ಲ. ಬಯ್ಯಲಿ ಎಂದು ಕಾದೆ. ಬಹಳ ಹೊತ್ತಿನ ಮೇಲೆ ಕೇಳಿದಳು:

"ಅಪ್ಪನ ಮುಖ ಹೆಂಗಿತ್ತು ಚಿಕ್ಕಪ್ಪ? ನಾನು ಇವತ್ತಿಗೂ ಯಾರ್ನೂ ಕೇಳಿಲ್ಲ. ನೀವು ಇಡೀ ದಿನ ಪಕ್ಕದಲ್ಲೇ ಇದ್ರಲ್ಲ, ನೀವಾದ್ರೂ ಹೇಳಿ."

ನೆನಪು ಮಾಡಿಕೊಂಡೆ. ಪೇಟ ನೆನಪಿಗೆ ಬಂತು, ಸೇವಂತಿಗೆ ಹಾರ ನೆನಪಿಗೆ ಬಂತು, ಜಗಲಿಯ ಅಂಚಿನಲ್ಲಿ ಸುಟ್ಟ ಊದುಬತ್ತಿಯ ಬೂದಿ ನೆನಪಿಗೆ ಬಂತು. ಪೇಟ ಮತ್ತು ಹಾರದ ನಡುವೆ ಏನೂ ಕಾಣಿಸಲಿಲ್ಲ. ಮಲಗಿದ ಹಾಗಿತ್ತು ಎಂದು ಎಲ್ಲರೂ ಹೇಳುವ ಮಾತು ನನ್ನ ನಾಲಿಗೆಯ ಮೇಲೆ ಬಂದಿತ್ತು. ಹೇಳಿದ್ದರೆ ಅವಳು ನಂಬುತ್ತಿದ್ದಳು, ಅದು ಅವಳಿಗೆ ಬೇಕೂ ಇತ್ತು. ಅದು ಮೂರನೆಯ ಸುಳ್ಳಾಗುತ್ತಿತ್ತು.

"ನೋಡ್ಲಿಲ್ಲ ಮಗ. ನಾನು ರಸ್ತೆ ನೋಡ್ತಿದ್ದೆ" ಎಂದೆ.

ಅವಳು ಕಿಟಕಿಯ ಕಡೆ ತಿರುಗಿದಳು. "ಹಂಗಾದ್ರೆ ನಾವಿಬ್ರೂ ನೋಡ್ಲಿಲ್ಲ ಬುಡಿ" ಎಂದಳು. ದನಿಯಲ್ಲಿ ಕೋಪ ಇರಲಿಲ್ಲ. ಕ್ಷಮಿಸಿದವಳ ದನಿಯೂ ಅದಲ್ಲ. ಬೆಂಗಳೂರಿನಲ್ಲಿ ಇಳಿದ ಮೇಲೆ ನನ್ನ ಚೀಲವನ್ನು ಅವಳೇ ಹೊತ್ತಳು, ಕಾರಿನಲ್ಲಿ ಸೊಂಟಕ್ಕೆ ಒತ್ತಾಗಲೆಂದು ತನ್ನ ಶಾಲು ಮಡಿಸಿ ಇಟ್ಟಳು. ಹೆಬ್ಬಾಳ ದಾಟಿ, ಊರೆಲ್ಲ ಸುತ್ತಿ, ಕೆಂಗೇರಿ ಮುಟ್ಟುವ ಹೊತ್ತಿಗೆ ಸಂಜೆಯಾಗಿತ್ತು. ಆ ದಾರಿಯನ್ನು ಅವಳು ಅವತ್ತು ಹೇಗೆ ಕಳೆದಿದ್ದಳೋ, ಕಾಯುತ್ತಿದ್ದಾರೆ ಎಂದು ನಂಬಿಕೊಂಡು. ತೋಟದ ಹತ್ತಿರ ಕಾರು ನಿಲ್ಲಿಸಲು ಹೇಳಿ ಒಬ್ಬಳೇ ಇಳಿದು ಹೊಂಗೆ ಮರದ ಕಡೆಗೆ ಹೋದಳು. ನನ್ನನ್ನು ಬನ್ನಿ ಎನ್ನಲಿಲ್ಲ. ನಾನು ಇಳಿಯಲಿಲ್ಲ.

ಈಗಲೂ ಹಬ್ಬಕ್ಕೆ ಬರುತ್ತಾಳೆ, ಬಿಸ್ಕತ್ತು ತರುತ್ತಾಳೆ, ಚಿಕ್ಕಪ್ಪ ಎಂದೇ ಕರೆಯುತ್ತಾಳೆ. ಮೇಳಗಳಿಗೂ ಹೋಗುತ್ತಾಳೆ. ಇಳಿದೆ ಎಂದು ಫೋನ್ ಮಾಡುವುದು ಮಾತ್ರ ನನ್ನ ಹೆಂಡತಿಗೆ. ಮೊನ್ನೆ ಜೈಪುರಕ್ಕೆ ಹೋಗಿದ್ದಳು. ನಾನು ಜಗಲಿಯ ಮೇಲೆ ಕೂತಿದ್ದೆ, ಒಳಗಿನಿಂದ ಹೆಂಡತಿಯ ದನಿ ಕೇಳಿಸಿತು. ಇಳಿದ್ಯಾ ಮಗ, ಉಂಡ್ಯಾ, ಚಳಿ ಐತಾ ಎಂದೆಲ್ಲ ಕೇಳುತ್ತಿದ್ದಳು. ಕೊನೆಗೆ, ಚಿಕ್ಕಪ್ಪನಿಗೆ ಕೊಡ್ಲಾ ಎಂದಳು. ನಾನು ಕೈ ಒರೆಸಿಕೊಂಡು ಎದ್ದು ನಿಂತೆ. ಬಾಗಿಲವರೆಗೆ ಹೋದೆ. ಆಮೇಲೆ ಹೆಂಡತಿ, ಆಗ್ಲಿ ಬುಡು, ಹೇಳ್ತೀನಿ ಎಂದು ಫೋನ್ ಇಟ್ಟಳು.